ಓಂಗೋಲಿನ ಗುಡ್ಡ: ತಡವಾದ ಉತ್ತರವನ್ನು ಕುರಿತು ಒಂದು ಚಾರಿತ್ರಿಕ ಅವಲೋಕನ

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿರುವ ವಿಧವೆಯ ಸಾಮ್ಯವನ್ನು ನಾವು ಪ್ರಸಂಗಪೀಠದಿಂದ ಎಷ್ಟೋ ಸಾರಿ ಬೋಧಿಸಿದ್ದೇವೆ. ಬೇಸರಗೊಳ್ಳದೆ ಪ್ರಾರ್ಥಿಸಬೇಕೆಂಬ ಆ ಉಪದೇಶಕ್ಕೆ ನಿದರ್ಶನ ಕೊಡಬೇಕಾದಾಗ ಓಂಗೋಲಿನ ‘ಪ್ರಾರ್ಥನಾ ಗುಡ್ಡ’ವನ್ನು ಸ್ಮರಿಸುವುದುಂಟು. 1854ರಲ್ಲಿ ಐವರು ಪ್ರಾರ್ಥಿಸಿದರು, 1878ರಲ್ಲಿ ಒಂದೇ ದಿನ 2222 ಮಂದಿ ದೀಕ್ಷಾಸ್ನಾನ ಹೊಂದಿದರು ಎಂದು ಕಥೆ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ನಡುವಣ 24 ವರ್ಷಗಳನ್ನು ದಾಟಿಬಿಟ್ಟರೆ ಪ್ರಾರ್ಥನೆಯ ಪಾಠವೂ ನಮ್ಮ ಕೈತಪ್ಪುತ್ತದೆ. ಆದಕಾರಣ ಆ ವರ್ಷಗಳನ್ನೇ ಇಲ್ಲಿ ವಿಚಾರಿಸೋಣ.

ಅಮೆರಿಕದ ಬ್ಯಾಪ್ಟಿಸ್ಟರು ತೆಲುಗರ ನಡುವೆ ಸೇವೆಯನ್ನಾರಂಭಿಸಿದ್ದು 1836ರಲ್ಲಿ. ಸ್ಯಾಮ್ಯುಯೆಲ್ ಡೇ ಅವರು 1840ರಲ್ಲಿ ನೆಲ್ಲೂರಿನಲ್ಲಿ ನೆಲೆನಿಂತರು. ವರ್ಷಗಳು ಕಳೆದರೂ ಫಲ ಅತ್ಯಲ್ಪವಾಗಿತ್ತು. 1853ರಲ್ಲಿ ಅಮೆರಿಕದ ಅಲ್ಬನಿ ಪಟ್ಟಣದಲ್ಲಿ ಸೇರಿದ ಸಂಘದ ಸಭೆಯಲ್ಲಿ ಈ ಕ್ಷೇತ್ರವನ್ನು ಕೈಬಿಡಬೇಕೆಂಬ ಮಾತು ಬಲವಾಗಿ ಕೇಳಿಬಂತು. ಭೂಪಟದಲ್ಲಿ ಒಂದೇ ಚುಕ್ಕೆಯಾಗಿ ಕಾಣುತ್ತಿದ್ದುದರಿಂದ ಅದಕ್ಕೆ ‘ಒಂಟಿ ನಕ್ಷತ್ರ’ವೆಂಬ ಹೆಸರು ಅಂಟಿಕೊಂಡಿತು. ಚರ್ಚೆಯ ಬಳಿಕ ಕ್ಷೇತ್ರವು ಹೇಗೋ ಉಳಿಯಿತು.

1854ರ ಜನವರಿ 1ರ ಮುಂಜಾನೆ, ಲೈಮನ್ ಜ್ಯೂವೆಟ್ ದಂಪತಿಗಳೂ ಮೂವರು ತೆಲುಗು ವಿಶ್ವಾಸಿಗಳೂ ಓಂಗೋಲಿನ ಗುಡ್ಡವನ್ನೇರಿದರು. ಆ ಮೂವರ ಹೆಸರು ಕ್ರಿಶ್ಚಿಯನ್ ನರಸು, ಜೂಲಿಯಾ ಮತ್ತು ರೂತ್. ಓಂಗೋಲಿಗೆ ಒಬ್ಬ ಸುವಾರ್ತಿಕನನ್ನು ಕಳುಹಿಸಬೇಕೆಂಬುದೇ ಅವರ ವಿಜ್ಞಾಪನೆ. ಬಂದ ಉತ್ತರವಾದರೋ ಮೌನ. 1862ರಲ್ಲಿ ಕ್ಷೇತ್ರವನ್ನು ಮುಚ್ಚುವ ಪ್ರಸ್ತಾಪ ಮತ್ತೆ ಎದ್ದಿತು. ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿದ್ದ ಜ್ಯೂವೆಟ್ ಅವರು, ತಾವೊಬ್ಬರೇ ಆದರೂ ಹಿಂದಿರುಗುವುದಾಗಿ ಹಟ ಹಿಡಿದರು. ಅವರೊಡನೆ ಹೊರಟುಬಂದ ಜಾನ್ ಕ್ಲಫ್ 1866ರಲ್ಲಿ ಓಂಗೋಲಿನಲ್ಲಿ ನೆಲೆಸಿದರು. ಗುಡ್ಡದ ಮೇಲಿನ ಬೇಡಿಕೆಗೆ ಉತ್ತರ ದೊರಕಲು 12 ವರ್ಷಗಳು ಬೇಕಾದವು. 1867ರ ಜನವರಿ 1ರಂದು ಸ್ಥಾಪಿತವಾದ ಓಂಗೋಲಿನ ಸಭೆಯಲ್ಲಿದ್ದ ಸದಸ್ಯರು ಎಂಟೇ ಮಂದಿ.

ಉತ್ತರವು ಬಂದ ದಿಕ್ಕನ್ನೂ ಗಮನಿಸಬೇಕು. 1866ರಲ್ಲಿ ದೀಕ್ಷಾಸ್ನಾನ ಹೊಂದಿದ ಯರ್ರಗುಂಟ್ಲ ಪೇರಯ್ಯ ಮಾದಿಗ ಸಮುದಾಯದವರು, ಚರ್ಮದ ವ್ಯಾಪಾರಿ. ಸತ್ಯದೇವರನ್ನು ಅರಸುತ್ತ ಗುರುಗಳ ಬಳಿ ಅಲೆದಿದ್ದವರು. ಅವರ ಮೂಲಕ ಸುವಾರ್ತೆ ಕೇರಿಯಿಂದ ಕೇರಿಗೆ ಹಬ್ಬಿತು. ಮಾದಿಗರು ಸಭೆ ಸೇರತೊಡಗಿದಾಗ ಮೇಲ್ಜಾತಿಯ ವಿದ್ಯಾರ್ಥಿಗಳು ಮಿಷನ್ ಶಾಲೆಯನ್ನು ತೊರೆದರು. ಮಿಷನೆರಿಗಳು ಪಟ್ಟಣದ ಬಾಗಿಲನ್ನು ನೋಡುತ್ತಿದ್ದಾಗ ದೇವರು ಕೇರಿಯ ಬಾಗಿಲನ್ನು ತೆರೆದಿದ್ದನು. ನಾವು ‘ತಡ’ವೆಂದು ಎಣಿಸುವ ಕಾಲದಲ್ಲಿ ಪೇರಯ್ಯನಂಥವರ ಹುಡುಕಾಟವೂ ನಡೆದಿತ್ತೆಂಬುದನ್ನು ಗುಡ್ಡದ ಮೇಲಿದ್ದವರು ಅರಿಯುವಂತಿರಲಿಲ್ಲ.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಮಹಾಕ್ಷಾಮವು ಕಾಡಿತು. ಮೈಸೂರು ಸೀಮೆಯೂ ಅದರಿಂದ ನಲುಗಿತು. ಭೂಮಾಪನ ಬಲ್ಲ ಕ್ಲಫ್ ಅವರು ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಭಾಗವನ್ನು ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಒದಗಿಸಿದರು. ಉಪದೇಶಿಗಳು ಅಲ್ಲಿ ಮೇಸ್ತ್ರಿಗಳಾದರು. ಸಹಸ್ರಾರು ಜನ ದೀಕ್ಷಾಸ್ನಾನ ಬೇಡಿಬಂದರು. ಆದರೆ ಅನ್ನಕ್ಕಾಗಿ ಬಂದವರೆಂಬ ಅಪವಾದ ಯಾರ ಮೇಲೂ ಬರಬಾರದೆಂದು, ಪರಿಹಾರಕಾರ್ಯ ನಡೆಯುವ ತನಕ 15 ತಿಂಗಳ ಕಾಲ ಕ್ಲಫ್ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ.

ಇಲ್ಲಿ ನಾವು ತುಸು ನಿಲ್ಲಬೇಕು. 24 ವರ್ಷ ಕಾದವರು ಮಿಷನೆರಿಗಳು ಮಾತ್ರವೆಂದು ಹೇಳುವುದು ರೂಢಿ. ಕೊನೆಯ ಹಂತದಲ್ಲಿ ಕಾದವರು ಆ ಬಡಜನರು, ಕಾಯಿಸಿದ್ದು ಸಭೆ. ಪರಿಹಾರಧನದ ಹಂಚಿಕೆ ಮುಗಿದ ಮೇಲೂ, ಕೊಡಲು ಏನೂ ಇಲ್ಲವೆಂದು ತಿಳಿದ ಮೇಲೂ ಅವರು ತಿರುಗಿ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಆರು ಮಂದಿ ಬೋಧಕರು, ಇಬ್ಬಿಬ್ಬರಾಗಿ ಸರದಿಯಂತೆ ನೀರಿಗಿಳಿದು, 2222 ಮಂದಿಗೆ ದೀಕ್ಷಾಸ್ನಾನ ಕೊಟ್ಟರು. ವರ್ಷಾಂತ್ಯದೊಳಗೆ ಆ ಸಂಖ್ಯೆ 9 ಸಾವಿರವನ್ನು ದಾಟಿತು. ಸಾಮ್ಯದ ವಿಧವೆಯ ಸ್ಥಾನದಲ್ಲಿ ನಿಂತವರು ಈ ಮಾದಿಗ ವಿಶ್ವಾಸಿಗಳೇ ಎಂದು ಹೇಳಿದರೆ ತಪ್ಪಾಗದು.

ಆದರೂ ಸಂಖ್ಯೆಯನ್ನು ಪ್ರಾರ್ಥನೆಯ ಪ್ರತಿಫಲವೆಂದು ಲೆಕ್ಕ ಒಪ್ಪಿಸುವುದು ಅಪಾಯಕರ. ಆ 15 ತಿಂಗಳುಗಳಲ್ಲಿ ಹಸಿವಿನಿಂದಲೂ ಕಾಲರಾದಿಂದಲೂ ಅಳಿದವರು ಅನೇಕರು. ಅವರಲ್ಲಿಯೂ ಪ್ರಾರ್ಥಿಸಿದವರಿದ್ದರು; ನದಿಯ ದಡವನ್ನು ಅವರು ಕಾಣಲಿಲ್ಲ. ಅವರ ಮೊರೆಯನ್ನು ದೇವರು ಕೇಳಲಿಲ್ಲವೆಂದು ಯಾವ ಸಭಾಪಾಲಕನು ಹೇಳಬಲ್ಲನು? ಕ್ರಿಸ್ತನು ವಿಧವೆಯ ಸಾಮ್ಯವನ್ನು ಮುಗಿಸುವುದು, ಮನುಷ್ಯಕುಮಾರನು ಬರುವಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೋ ಎಂಬ ಪ್ರಶ್ನೆಯಿಂದ. ಕೇಳಿದ್ದು ದೊರಕಿತೇ ಎಂಬುದಕ್ಕಿಂತ ಮುಂದಿನ ಪ್ರಶ್ನೆ ಅದು.

ಆದುದರಿಂದ, ರೋಗಿಯ ಹಾಸಿಗೆಯ ಬಳಿ ನಿಂತಾಗ, ಮಗನಿಗಾಗಿ ವರ್ಷಗಟ್ಟಲೆ ಮೊರೆಯಿಟ್ಟ ತಾಯಿಯ ಮುಂದೆ ಕುಳಿತಾಗ, ನಾವು ಓಂಗೋಲಿನ ಕಡೆಯ ದಿನವೊಂದನ್ನೇ ಹೇಳಿ ಎದ್ದುಬರಬಾರದು. ಉತ್ತರ ಕಾಣದ ವರ್ಷಗಳಲ್ಲಿ ಜ್ಯೂವೆಟ್ ತೆಲುಗು ಬೈಬಲಿನ ಪರಿಷ್ಕರಣದಲ್ಲಿ ಕೈಜೋಡಿಸಿದರು. ಪೇರಯ್ಯ ಕೇರಿಗಳನ್ನು ಸುತ್ತಿದರು. ಉಪದೇಶಿಗಳು ಕಾಲುವೆಯ ಮಣ್ಣಿನಲ್ಲಿ ಹಸಿದವರ ಜೊತೆ ನಿಂತರು. ಎಡೆಬಿಡದ ಪ್ರಾರ್ಥನೆ ಅವರಲ್ಲಿ ಆ ರೂಪವನ್ನು ತಾಳಿತು. ಕಾಯುವವರ ಪಕ್ಕದಲ್ಲಿ ಕಾಯುವುದು ನಮ್ಮ ಪಾಲಿಗೆ ಬಂದಿರುವ ಸೇವೆ.