ಹೊಟ್ಟೆಯೊಳಗಿನ ಒಕ್ಕಲು

ಚಳಿಗಾಲದಲ್ಲಿ ಜೊಯಿಡಾದಲ್ಲಿ ನಡೆಯುವ ಗಡ್ಡೆ–ಗೆಣಸು ಮೇಳಕ್ಕೆ ಹೋದವರು ಅಲ್ಲಿನ ಗಡ್ಡೆಗಳ ಬಗೆಗಳನ್ನು ಕಂಡು ಬೆರಗಾಗುತ್ತಾರೆ. ಅವನ್ನು ಬೆಳೆದು ತರುವವರು ಕುಣಬಿಗಳು. ಬ್ರಿಟಿಷರ ಕಾಲದಲ್ಲಿ ಇವರ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. 1980ರ ದಶಕದಲ್ಲಿ ಅಣೆಕಟ್ಟಿನ ನೀರು ಹಳೆಯ ಸೂಪಾ ಊರನ್ನೇ ನುಂಗಿತು. 2007ರಲ್ಲಿ ಹುಲಿ ಮೀಸಲು ಪ್ರದೇಶ ಬಂತು. ಇಷ್ಟೆಲ್ಲ ಆದರೂ ಹಿತ್ತಲಿನ ಗಡ್ಡೆ ಉಳಿಯಿತು. ಬಡವರ ಕೂಳೆಂದು ಪೇಟೆಯವರು ಮೂಗು ಮುರಿದ ಇಂಥ ಆಹಾರವನ್ನು ಈಗ ವಿಜ್ಞಾನ ಬೇರೆಯೇ ಕಣ್ಣಿನಿಂದ ನೋಡುತ್ತಿದೆ.

ಗಡ್ಡೆಯ ನಾರು ನಮಗೆ ಜೀರ್ಣವಾಗುವುದಿಲ್ಲ. ಬೇಯಿಸಿ ಆರಿಸಿದ ಪಿಷ್ಟದ ಒಂದು ಪಾಲೂ ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಒಕ್ಕಲುಗಳೇ ಬ್ಯಾಕ್ಟೀರಿಯಾಗಳು. ಒಬ್ಬ ಮನುಷ್ಯನ ಮೈಯಲ್ಲಿ ಇವು ಸುಮಾರು 38 ಲಕ್ಷ ಕೋಟಿ ಎಂಬುದು 2016ರಲ್ಲಿ ಹಾಕಿದ ಅಂದಾಜು. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲೇ. ನಮಗೆ ಬೇಡವಾದುದನ್ನು ಉಂಡು ಅವು ಗೇಣಿ ಕೊಡುತ್ತವೆ. ಆ ಗೇಣಿಯ ಹೆಸರು ಬ್ಯುಟಿರೇಟ್. ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಇಂಧನ.

ಧಣಿಯೂ ಸುಮ್ಮನಿರುವುದಿಲ್ಲ! 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ಕಿರು ಎಳೆ ಕೆಲಸ ಮಾಡುವ ಬಗೆಯನ್ನು ತೋರಿಸಿದರು. ಅದರ ಉದ್ದ ಬರೀ 22 ಅಕ್ಷರ. ಯಾವ ಜೀನಿನ ಆಜ್ಞೆ ನಡೆಯಬೇಕು, ಯಾವುದು ನಿಲ್ಲಬೇಕು ಎಂದು ಅದು ನಿಯಂತ್ರಿಸುತ್ತದೆ. ಹುಳುವಿನ ಸಂಗತಿ ಎಂದು ಹಲವರು ಆಗ ಅಲಕ್ಷಿಸಿದರು. 2000ದಲ್ಲಿ ಇಂಥದೇ ಎಳೆ ಮನುಷ್ಯನಲ್ಲೂ ಕಂಡಿತು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಸ್ವಾರಸ್ಯ ಇರುವುದು 2016ರ ಇನ್ನೊಂದು ಸಂಶೋಧನೆಯಲ್ಲಿ. ಬಾಸ್ಟನ್ನಿನ ಹೊವಾರ್ಡ್ ವೈನರ್ ತಂಡ ಮನುಷ್ಯರ ಮತ್ತು ಇಲಿಗಳ ಮಲದಲ್ಲಿ ಈ ಎಳೆಗಳನ್ನು ಪತ್ತೆಹಚ್ಚಿತು. ಕರುಳಿನ ಕೋಶಗಳು ಕಳಿಸಿದ ಎಳೆಗಳು ಬ್ಯಾಕ್ಟೀರಿಯಾದ ಒಳಹೊಕ್ಕು ಅದರ ಬೆಳವಣಿಗೆಯನ್ನೇ ಬದಲಿಸುತ್ತಿದ್ದವು. ಈ ಎಳೆಗಳನ್ನು ತಯಾರಿಸಲಾಗದ ಇಲಿಗಳ ಕರುಳಿನಲ್ಲಿ ಬ್ಯಾಕ್ಟೀರಿಯಾ ಹದ ತಪ್ಪಿತು, ಉರಿಯೂತ ಹೆಚ್ಚಿತು. ಆರೋಗ್ಯವಂತ ಇಲಿಯ ಎಳೆಗಳನ್ನು ಕೊಟ್ಟಾಗ ಹತೋಟಿಗೆ ಬಂತು. ಅಂದರೆ ಧಣಿಯಿಂದ ಒಕ್ಕಲಿಗೆ ಚೀಟಿ ಹೋಗುತ್ತದೆ. ಮರುಉತ್ತರವೂ ಉಂಟು: ಬ್ಯುಟಿರೇಟ್ ಸೋಕಿದಾಗ ಕರುಳಿನ ಕ್ಯಾನ್ಸರ್ ಕೋಶಗಳ ಮೈಕ್ರೋ ಆರ್‌ಎನ್‌ಎಗಳು ಬದಲಾಗುವುದು ಪ್ರಯೋಗಶಾಲೆಯಲ್ಲಿ ಕಂಡಿದೆ.

ಇಷ್ಟಕ್ಕೇ ಗಡ್ಡೆಯನ್ನು ಔಷಧಿ ಎಂದು ಮಾರಲು ಹೊರಡುವುದು ಅವಸರವಾದೀತು. ಆದರೆ ಊಟ ಬದಲಾದರೆ ಒಕ್ಕಲೂ ಬದಲಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ದುಡಿಯಲು ಬಂದವರು, ಹಳಿಯಾಳದ ಸಿದ್ದಿಗಳು, 1966ರಿಂದ ಮುಂಡಗೋಡದಲ್ಲಿ ನೆಲೆಸಿದ ಟಿಬೆಟನ್ನರು, ಜೊಯಿಡಾದ ಕುಣಬಿಗಳು: ಇಷ್ಟು ಹತ್ತಿರದಲ್ಲಿ ಇಷ್ಟೊಂದು ಬಗೆಯ ಅಡುಗೆಮನೆಗಳು. ಅಂಗಡಿಯ ಬಿಸ್ಕತ್ತು ಮಾತ್ರ ಎಲ್ಲರ ಮನೆಗೂ ಒಂದೇ. ಹುಲಿಗಾಗಿ ಕಾಡು ಬಿಟ್ಟು ಹೋಗುವ ಕುಣಬಿ ಕುಟುಂಬ ಪಾತ್ರೆಪಗಡದ ಜೊತೆ ಬೀಜದ ಗಡ್ಡೆಯನ್ನೂ ಕಟ್ಟಿಕೊಂಡು ಹೋದೀತೆ? ಹೋದಲ್ಲಿ ಅದನ್ನು ಊರಲು ಹಿತ್ತಲು ಇದ್ದೀತೆ?