ಮಾತ್ರೆ ಕೊಟ್ಟವರಿಗೆ ನಷ್ಟ ಯಾಕೆ? ಅಮೆರಿಕದ ಪಿಬಿಎಂ ಕಾನೂನುಗಳು

ಅಮೆರಿಕದಲ್ಲಿ ವಿಮೆ ಇದ್ದವರು ಮೆಡಿಕಲ್ ಶಾಪ್‌ನಲ್ಲಿ ತಮ್ಮ ಪಾಲಿನಷ್ಟು ಕೊಟ್ಟು ಮಾತ್ರೆ ತಗೊಂಡು ಹೋಗ್ತಾರೆ. ಉಳಿದ ಹಣವನ್ನು ಅಂಗಡಿಗೆ ಕೊಡುವುದು ಫಾರ್ಮಸಿ ಬೆನಿಫಿಟ್ ಮ್ಯಾನೇಜರ್, ಅಂದರೆ ಪಿಬಿಎಂ ಎಂಬ ಮಧ್ಯವರ್ತಿ ಕಂಪನಿ. ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಈ ಮೂರೇ ದೇಶದ ಸುಮಾರು ಶೇ. 80ರಷ್ಟು ಕ್ಲೇಮ್‌ಗಳನ್ನು ನಿಭಾಯಿಸುತ್ತವೆ.

ಜಗಳ ಇರೋದು ಜೆನೆರಿಕ್ ಔಷಧಿಗಳ ದರಪಟ್ಟಿಯಲ್ಲಿ. ಯಾವ ಮಾತ್ರೆಗೆ ಗರಿಷ್ಠ ಎಷ್ಟು ಕೊಡಬೇಕೆಂದು ಪಿಬಿಎಂ ತಾನೇ ಬರೆದುಕೊಳ್ಳುತ್ತದೆ. ಇದಕ್ಕೆ 'ಮ್ಯಾಕ್' ಪಟ್ಟಿ ಅಂತಾರೆ. ಅಂಗಡಿಯವನು 12 ಡಾಲರ್‌ಗೆ ಖರೀದಿಸಿದ್ದಾನೆ, ಪಟ್ಟಿಯಲ್ಲಿ 9 ಅಂತಿದೆ ಅನ್ನಿ. 3 ಡಾಲರ್ ಅವನ ಕೈಯಿಂದಲೇ ಹೋಯಿತು. ಇನ್ನೊಂದು ತಮಾಷೆ ನೋಡಿ: ಸಿವಿಎಸ್ ಸ್ವತಃ ಸಾವಿರಾರು ಔಷಧಿ ಅಂಗಡಿಗಳ ಮಾಲೀಕ. ಪಕ್ಕದ ಅಂಗಡಿಯ ಆದಾಯವನ್ನು ನಿರ್ಧರಿಸುವುದು ಪ್ರತಿಸ್ಪರ್ಧಿಯ ಮನೆಯವರೇ!

ಆರ್ಕನ್ಸಾ ರಾಜ್ಯ 2015ರಲ್ಲಿ ತಂದ 900ನೇ ಕಾಯ್ದೆ ಇದಕ್ಕೆ ಕಡಿವಾಣ ಹಾಕಿತು. ಸಗಟು ದರ ಏರಿದರೆ ಪಿಬಿಎಂ ತನ್ನ ಪಟ್ಟಿಯನ್ನು ಬೇಗ ತಿದ್ದಬೇಕು. ಖರೀದಿ ದರಕ್ಕಿಂತ ಕಡಿಮೆ ಬಂದರೆ ಅಂಗಡಿಯವನು ಮೇಲ್ಮನವಿ ಸಲ್ಲಿಸಬಹುದು, ನಷ್ಟವಾಗುವುದಾದರೆ ಔಷಧಿ ಕೊಡಲ್ಲ ಅಂತಲೂ ಹೇಳಬಹುದು. ಪಿಬಿಎಂಗಳ ಸಂಘ ಕೋರ್ಟಿಗೆ ಹೋಯಿತು. ಉದ್ಯೋಗಿಗಳ ಸೌಲಭ್ಯ ಯೋಜನೆಗಳ ವಿಷಯದಲ್ಲಿ 1974ರ ಕೇಂದ್ರ ಕಾಯ್ದೆ 'ಎರಿಸಾ' ಇದೆ, ರಾಜ್ಯಗಳು ಕೈಹಾಕುವಂತಿಲ್ಲ ಎಂಬುದು ಅದರ ವಾದ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 8-0ರಿಂದ ಆರ್ಕನ್ಸಾ ಪರ ನಿಂತಿತು. ತೀರ್ಪು ಬರೆದ ನ್ಯಾಯಮೂರ್ತಿ ಸೋಟೊಮೇಯರ್ ಪ್ರಕಾರ ಇದು ಬರೀ ವೆಚ್ಚದ ನಿಯಂತ್ರಣ, ಯೋಜನೆಯ ಸ್ವರೂಪವನ್ನು ಬದಲಿಸುವುದಿಲ್ಲ.

ಮರುವರ್ಷವೇ ವೆಸ್ಟ್ ವರ್ಜೀನಿಯಾ ಇನ್ನೂ ಬಿಗಿ ಮಾಡಿತು: ರಾಷ್ಟ್ರೀಯ ಸರಾಸರಿ ಖರೀದಿ ದರ, ಅದರ ಮೇಲೆ ಪ್ರತಿ ಪ್ರಿಸ್ಕ್ರಿಪ್ಷನ್‌ಗೆ 10.49 ಡಾಲರ್ ಶುಲ್ಕ.

ಅಂಗಡಿಗೆ ಜಾಸ್ತಿ ಕೊಟ್ಟರೆ ವಿಮಾ ಕಂತು ಏರುತ್ತೆ ಅಂತಾರೆ ಪಿಬಿಎಂಗಳು. ಈ ಮಾತನ್ನು ಪೂರ್ತಿ ತಳ್ಳಿಹಾಕೋಕಾಗಲ್ಲ. ಆದರೆ ಅಂಗಡಿಗೆ ಕಡಿಮೆ ಕೊಟ್ಟಾಗ ಉಳಿದದ್ದೆಲ್ಲ ಜನರಿಗೆ ಸಿಕ್ಕಿತೇ? ಒಹಾಯೊ ರಾಜ್ಯದ ಲೆಕ್ಕಪರಿಶೋಧಕರು 2018ರಲ್ಲಿ ನೋಡಿದಾಗ, ಬಡವರ ವಿಮೆ ಮೆಡಿಕೈಡ್‌ನಲ್ಲಿ ಪಿಬಿಎಂಗಳು ಯೋಜನೆಗಳಿಂದ ಪಡೆದದ್ದಕ್ಕೂ ಅಂಗಡಿಗೆ ಕೊಟ್ಟದ್ದಕ್ಕೂ ಒಂದೇ ವರ್ಷದಲ್ಲಿ 22.48 ಕೋಟಿ ಡಾಲರ್ ವ್ಯತ್ಯಾಸವಿತ್ತು.

ಹಾಗಂತ ರಾಜ್ಯಗಳು ಏನು ಬೇಕಾದರೂ ಮಾಡುವಂತಿಲ್ಲ. ಯಾವ ಅಂಗಡಿಗಳು ಜಾಲದಲ್ಲಿರಬೇಕು ಎಂಬುದನ್ನೂ ಓಕ್ಲಹೋಮ ನಿಯಂತ್ರಿಸಲು ಹೋಯಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಭಾಗಗಳನ್ನು ತಡೆಯಿತು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಪಿಬಿಎಂಗಳು ಔಷಧಿ ಅಂಗಡಿಯನ್ನೇ ಹೊಂದಬಾರದು ಎಂದು ಆರ್ಕನ್ಸಾ ಅದೇ ವರ್ಷ ಮಾಡಿದ ಕಾಯ್ದೆಗೂ ಜುಲೈನಲ್ಲಿ ಫೆಡರಲ್ ನ್ಯಾಯಾಧೀಶರು ತಡೆ ನೀಡಿದರು.