ಕ್ಷೇತ್ರಪ್ರೇರಿತ ಕಣವಿನ್ಯಾಸ

ದ್ರವದಲ್ಲಿ ತೇಲಾಡುವ ಸೂಕ್ಷ್ಮ ಕಣಗಳು ಹೊರಗಿನ ವಿದ್ಯುತ್ ಅಥವಾ ಕಾಂತಕ್ಷೇತ್ರದ ಪ್ರಭಾವದಿಂದ ಸರಪಳಿ, ಕಂಬ, ಹಾಳೆಗಳಾಗಿ ಜೋಡಣೆಗೊಳ್ಳುವ ವಿದ್ಯಮಾನ. ಶಾಲಾ ಪ್ರಯೋಗಾಲಯದಲ್ಲೂ ಇದನ್ನು ಕಾಣಬಹುದು: ಹರಳೆಣ್ಣೆಯ ಮೇಲೆ ರವೆ ಉದುರಿಸಿ, ಎರಡು ಲೋಹದ ಕಡ್ಡಿಗಳ ನಡುವೆ ಹೆಚ್ಚಿನ ವೋಲ್ಟೇಜ್ ಕೊಟ್ಟರೆ ರವೆಕಾಳುಗಳು ಮೆಲ್ಲಗೆ ತಿರುಗಿ, ಒಂದರ ತುದಿಗೊಂದು ತಾಗಿ ಕ್ಷೇತ್ರದ ಗೆರೆಗುಂಟ ಸಾಲುಗಟ್ಟುತ್ತವೆ.

ಕ್ಷೇತ್ರದಲ್ಲಿ ಪ್ರತಿ ಕಣವೂ ಧ್ರುವೀಕರಣಗೊಂಡು ಪುಟ್ಟ ದ್ವಿಧ್ರುವವಾಗುತ್ತದೆ. ಎರಡು ಕಣಗಳನ್ನು ಸೇರಿಸುವ ರೇಖೆ ಕ್ಷೇತ್ರದ ದಿಕ್ಕಿಗೆ ಸುಮಾರು 54.7 ಡಿಗ್ರಿಗಿಂತ ಕಡಿಮೆ ಓರೆಯಾಗಿದ್ದರೆ ಅವು ಆಕರ್ಷಿಸುತ್ತವೆ, ಹೆಚ್ಚಾದರೆ ವಿಕರ್ಷಿಸುತ್ತವೆ. ಮುಂದಿನ ವೈವಿಧ್ಯವೆಲ್ಲ ಬಹುಮಟ್ಟಿಗೆ ಈ ಒಂದು ಕೋನದ ಆಟ. ಕಣ ದ್ರವಕ್ಕಿಂತ ಹೆಚ್ಚು ಧ್ರುವೀಯವಾಗಿರಲೇಬೇಕೆಂದೂ ಇಲ್ಲ, ವ್ಯತ್ಯಾಸವಿದ್ದರೆ ಸಾಕು. ನಾರ್ವೆಯ ಆರ್ನೆ ಶೆಲ್‌ಟೋರ್ಪ್ 1983ರಲ್ಲಿ ಕಾಂತೀಯ ದ್ರವದಲ್ಲಿ ಕಾಂತೀಯವಲ್ಲದ ಪ್ಲಾಸ್ಟಿಕ್ ಗೋಲಿಗಳನ್ನು ಹಾಕಿದಾಗ, ಆ ‘ಕಾಂತೀಯ ರಂಧ್ರ’ಗಳೂ ಸಾಲುಗಟ್ಟಿದವು.

ಈ ಆಕರ್ಷಣೆ ಶಾಖದ ಕುಲುಕಾಟವನ್ನು ಮೀರಿದರೆ ಮಾತ್ರ ಸಾಲು ನಿಲ್ಲುತ್ತದೆ. ಕಣದ ವ್ಯಾಸ ಇಮ್ಮಡಿಯಾದರೆ ತಾಗಿಕೊಂಡ ಎರಡು ಕಣಗಳ ಆಕರ್ಷಣ ಶಕ್ತಿ ಎಂಟು ಪಟ್ಟಾಗುತ್ತದೆ, ಕ್ಷೇತ್ರ ಇಮ್ಮಡಿಯಾದರೆ ನಾಲ್ಕು ಪಟ್ಟು. ಕಣಗಳು ಒತ್ತಾಗಿದ್ದರೆ ಸರಪಳಿಗಳು ಒಂದಕ್ಕೊಂದು ಅಂಟಿ ಕಂಬಗಳಾಗುತ್ತವೆ. ಅವುಗಳ ಒಳರಚನೆ ಕಾಯಕೇಂದ್ರಿತ ಚತುಷ್ಕೋನೀಯ ಜಾಲಕವಾಗಿರುತ್ತದೆಂದು ವಿಜ್ಞಾನಿಗಳಾದ ತಾವೋ ಮತ್ತು ಸನ್ 1991ರಲ್ಲಿ ಲೆಕ್ಕ ಹಾಕಿದರು. ಲೇಸರ್ ವಿವರ್ತನೆ ಅದನ್ನು ದೃಢಪಡಿಸಿತು. ತೆಳುಪದರಕ್ಕೆ ಲಂಬವಾಗಿ ಕ್ಷೇತ್ರ ಕೊಟ್ಟರೆ ಕಣಗಳು ಪರಸ್ಪರ ದೂರ ಸರಿದು ಷಟ್ಕೋನ ವಿನ್ಯಾಸದಲ್ಲಿ ನೆಲೆಸುತ್ತವೆ. ಕ್ಷೇತ್ರವನ್ನು ಒಂದೇ ಸಮತಲದಲ್ಲಿ ವೇಗವಾಗಿ ತಿರುಗಿಸಿದರೆ ಹಾಳೆಗಳು ಏಳುತ್ತವೆ.

ಎಣ್ಣೆಯಲ್ಲಿ ಕಲಸಿದ ಪುಡಿ ವಿದ್ಯುತ್ ಕ್ಷೇತ್ರದಲ್ಲಿ ಎಳೆಎಳೆಯಾಗಿ ಗಟ್ಟಿಯಾಗುವುದನ್ನು ಅಮೆರಿಕದ ವಿಲ್ಲಿಸ್ ವಿನ್ಸ್‌ಲೋ 1949ರಲ್ಲಿ ವಿವರಿಸಿದರು. ಅದೇ ಕಾಲದಲ್ಲಿ ಜೇಕಬ್ ರಾಬಿನೋ ಕಬ್ಬಿಣದ ಪುಡಿ ಬೆರೆಸಿದ ಎಣ್ಣೆಯಿಂದ ಕ್ಲಚ್ ರೂಪಿಸಿದರು. ಬಳಕೆಯಲ್ಲಿ ಗೆದ್ದದ್ದು ರಾಬಿನೋ ದಾರಿಯೇ: ವಿದ್ಯುತ್ ಬಗೆಗೆ ಮಿಲಿಮೀಟರಿಗೆ ಸಾವಿರಾರು ವೋಲ್ಟ್ ಬೇಕು, ಕಾಂತೀಯ ಬಗೆಗೆ ತಂತಿಸುರುಳಿಯಲ್ಲಿ ಸಾಧಾರಣ ಕರೆಂಟ್ ಹರಿದರೆ ಆಯಿತು. 2002ರಿಂದ ಕೆಲವು ಕಾರುಗಳ ಶಾಕ್ ಅಬ್ಸಾರ್ಬರ್‌ಗಳಲ್ಲಿ ಇಂಥ ದ್ರವವಿದ್ದು, ಮಿಲಿಸೆಕೆಂಡುಗಳಲ್ಲಿ ಬಿಗಿಯಾಗಿ ಮತ್ತೆ ಸಡಿಲಗೊಳ್ಳುತ್ತದೆ. ಕಬ್ಬಿಣದ ಕಣಗಳು ತಳಕ್ಕೆ ಇಳಿಯುವುದು ಅದರ ಹಳೆಯ ತೊಡಕು. ಗುರುತ್ವದ ಈ ಅಡ್ಡಿಯಿಲ್ಲದೆ ರಚನೆಗಳ ಬೆಳವಣಿಗೆಯನ್ನು ಗಮನಿಸಲು ನಾಸಾ ಇನ್‌ಸ್ಪೇಸ್ ಪ್ರಯೋಗಮಾಲೆಯನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆಸಿದೆ.